ಮಾಟಗಾತಿ ಬೇಟೆಯಲ್ಲಿ ಅರಸನ ಪಾತ್ರವನ್ನು ತೂಗಿ ನೋಡುವ ಬಗೆ

ಮಾಟ ಮಾಡುವವರೆಂದು ಜನರನ್ನು ಹಿಡಿದು ಶಿಕ್ಷಿಸಿದ ಯುರೋಪಿನ ಮಾಟಗಾತಿ ಬೇಟೆಯ ಕುರಿತು ಪ್ರಬಂಧ ಬರೆಯಲು ಕುಳಿತವರು ಸ್ಕಾಟ್ಲೆಂಡಿನ ಅರಸ ಆರನೆಯ ಜೇಮ್ಸ್‌ನನ್ನು ಮೊದಲ ಸಾಲಿನಲ್ಲಿಯೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಿಬಿಡುವುದುಂಟು. ಅವನು ಮಾಟವನ್ನು ನಂಬಿದ್ದನೇ ಎಂದು ಕೇಳಿ ಪ್ರಯೋಜನವಿಲ್ಲ. ಆ ಕಾಲದಲ್ಲಿ ನಂಬದವರೇ ವಿರಳ. ಮೊಕದ್ದಮೆಯ ಯಾವ ಹಂತದಲ್ಲಿ ಅರಸ ಸ್ವತಃ ಕೈಹಾಕಿದನು ಎಂಬುದನ್ನು ಹುಡುಕಬೇಕು.

ಮೊದಲು ಕಾನೂನಿನ ಇಸವಿಯನ್ನು ಗುರುತು ಹಾಕಿಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಮಾಟಕ್ಕೆ ಮರಣದಂಡನೆ ವಿಧಿಸಿದ ಶಾಸನ 1563ರದು, ಜೇಮ್ಸ್ ಹುಟ್ಟಿದ್ದು 1566ರಲ್ಲಿ. ಆದ್ದರಿಂದ ಶಾಸನದ ಹೊಣೆಯನ್ನು ಅವನ ತಲೆಗೆ ಕಟ್ಟಲಾಗದು.

ಆಮೇಲೆ ಅವನ ಭಯದ ಮೂಲವನ್ನು ಹುಡುಕಿ. 1589ರಲ್ಲಿ ಡೆನ್ಮಾರ್ಕಿನಿಂದ ಹೊರಟ ವಧು ಆನ್‌ಳ ಹಡಗುಗಳು ಬಿರುಗಾಳಿಗೆ ಸಿಲುಕಿ ನಾರ್ವೆಯ ದಡ ಸೇರಿದವು. ಜೇಮ್ಸ್ ತಾನೇ ಸಮುದ್ರ ದಾಟಿ ಓಸ್ಲೋದಲ್ಲಿ ಮದುವೆಯಾಗಿ, ಡೆನ್ಮಾರ್ಕಿನಲ್ಲಿದ್ದು, 1590ರ ಮೇ ತಿಂಗಳಲ್ಲಿ ಲೀತ್ ಬಂದರಿಗೆ ಮರಳಿದನು. ಆ ಬಿರುಗಾಳಿಯನ್ನು ಮಾಟದಿಂದ ಎಬ್ಬಿಸಿದರೆಂದು ಕೋಪನ್‌ಹೇಗನ್‌ನಲ್ಲಿ ಅದೇ ವರ್ಷ ಹೆಂಗಸರ ವಿಚಾರಣೆ ನಡೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಗಾದೆಗಷ್ಟೇ ಸೀಮಿತವಲ್ಲ.

ಇನ್ನು ಸ್ಕಾಟ್ಲೆಂಡಿನಲ್ಲಿ ಬೇಟೆಯನ್ನು ಆರಂಭಿಸಿದವರು ಯಾರೆಂದು ನೋಡಿ. ಟ್ರಾನೆಂಟ್ ಎಂಬ ಊರಿನ ಸ್ಥಳೀಯ ಅಧಿಕಾರಿ ಡೇವಿಡ್ ಸೀಟನ್ ತನ್ನ ಮನೆಯ ಸೇವಕಿ ಗೀಲಿಸ್ ಡಂಕನ್‌ಳನ್ನು ಹಿಂಸಿಸಿ ಬಾಯಿಬಿಡಿಸಿದನು. ಅವಳು ಹೇಳಿದ ಹೆಸರುಗಳಲ್ಲಿ ಸೂಲಗಿತ್ತಿಯೂ ನಾಟಿ ಮದ್ದು ಕೊಡುವವಳೂ ಆಗಿದ್ದ ಆಗ್ನೆಸ್ ಸ್ಯಾಂಪ್ಸನ್ ಒಬ್ಬಳು. ಅರಸನ ಪ್ರವೇಶ ಇಲ್ಲಿಂದ ಮುಂದೆ. ಹೋಲಿರೂಡ್ ಅರಮನೆಯಲ್ಲಿ ಅವನೇ ಅವಳನ್ನು ಪ್ರಶ್ನಿಸಿದನು. ಓಸ್ಲೋದಲ್ಲಿ ಮದುವೆಯ ಮೊದಲ ರಾತ್ರಿ ದಂಪತಿಗಳು ಆಡಿಕೊಂಡ ಮಾತನ್ನೇ ಅವಳು ಅವನಿಗೆ ಹೇಳಿದಳೆಂದೂ ಅದನ್ನು ಕೇಳಿ ಅವನು ಬೆರಗಾದನೆಂದೂ 1591ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ನ್ಯೂಸ್ ಫ್ರಂ ಸ್ಕಾಟ್ಲೆಂಡ್' ಎಂಬ ಕಿರುಹೊತ್ತಗೆ ಹೇಳುತ್ತದೆ. ಈ ಕಥೆಯನ್ನು ಹಾಗೆಯೇ ಎತ್ತಿ ಬರೆಯಬೇಡಿ. ಲೋಕದಲ್ಲಿ ಸೈತಾನನಿಗೆ ಅತಿ ದೊಡ್ಡ ಶತ್ರು ಈ ಅರಸನೇ ಎಂದು ಸೈತಾನನ ಬಾಯಿಂದಲೇ ಹೇಳಿಸುವ ಹೊತ್ತಗೆ ಅದು. ವರದಿಯ ವೇಷದಲ್ಲಿರುವ ಹೊಗಳಿಕೆ ಎಂದು ನನ್ನ ಅಭಿಪ್ರಾಯ. ಅದನ್ನು ನ್ಯಾಯಾಲಯದ ದಾಖಲೆಗಳ ಪಕ್ಕದಲ್ಲಿಟ್ಟು ಓದಬೇಕು. ಆಗ್ನೆಸ್‌ಳನ್ನು 1591ರ ಜನವರಿಯಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು.

ಅರಸನ ಕೈ ನಿಚ್ಚಳವಾಗಿ ಕಾಣುವುದು ಇದೇ ಬೇಟೆಯಲ್ಲಿ ಆರೋಪಿಯಾದ ಬಾರ್ಬರಾ ನೇಪಿಯರ್‌ಳ ಮೊಕದ್ದಮೆಯಲ್ಲಿ. ನಿಮ್ಮ ಪ್ರಬಂಧದ ಹೆಚ್ಚಿನ ಜಾಗವನ್ನು ಇದಕ್ಕೇ ಮೀಸಲಿಡಿ. 1591ರ ಮೇ ತಿಂಗಳಲ್ಲಿ ಜ್ಯೂರಿಯವರು (ತೀರ್ಪು ಕೊಡಲು ಆರಿಸಿದ ಜನರು) ಅವಳನ್ನು ಮುಖ್ಯ ಆರೋಪದಿಂದ ಖುಲಾಸೆ ಮಾಡಿದಾಗ ಜೇಮ್ಸ್ ಆ ಜ್ಯೂರಿಯವರ ಮೇಲೆಯೇ ಬೇಕೆಂದು ತಪ್ಪು ತೀರ್ಪು ಕೊಟ್ಟರೆಂಬ ಆರೋಪ ಹೊರಿಸಿ, ಜೂನ್ ತಿಂಗಳಲ್ಲಿ ತಾನೇ ಬಂದು ಅವರೆದುರು ಭಾಷಣ ಮಾಡಿದನು. ಕ್ರಿಯಾಪದವನ್ನು ಆರಿಸುವಾಗ ಇದು ನೆನಪಿರಲಿ: ಆಗ್ನೆಸ್‌ಳ ವಿಷಯದಲ್ಲಿ 'ವಿಚಾರಿಸಿದನು' ಎಂದರೆ ಸಾಕು, ಇಲ್ಲಿ 'ಒತ್ತಡ ಹೇರಿದನು' ಎಂದೇ ಬರೆಯಬೇಕು. ಅರಸನ ಬಂಧುವಾದ ಬಾತ್‌ವೆಲ್‌ನ ಅರ್ಲ್ (ಪ್ರಭು ಪದವಿಯವನು) ಈ ಮಾಟದ ಹಿಂದಿದ್ದಾನೆಂಬ ಆರೋಪ ಅದೇ ಹೊತ್ತಿನಲ್ಲಿ ಎದ್ದಿತ್ತೆಂಬುದನ್ನೂ ಸೇರಿಸಿ. ಮಾಟದ ಮೊಕದ್ದಮೆ ರಾಜದ್ರೋಹದ ಮೊಕದ್ದಮೆಯಾಗಿ ತಿರುಗಿದ್ದು ಹೀಗೆ.

ಬೇಟೆಗೆ ತಡೆ ಬಿದ್ದ ಕಡೆಯನ್ನೂ ಹುಡುಕಿ. 1597ರಲ್ಲಿ ಮಾರ್ಗರೆಟ್ ಏಟ್ಕಿನ್ ಎಂಬಾಕೆ ಕಣ್ಣು ನೋಡಿಯೇ ಮಾಟಗಾತಿಯರನ್ನು ಗುರುತಿಸಬಲ್ಲೆನೆಂದಳು. ಅವಳು ಹಿಂದಿನ ದಿನ ತಪ್ಪಿತಸ್ಥರೆಂದವರನ್ನೇ ಮರುದಿನ ಬೇರೆ ಬಟ್ಟೆ ತೊಡಿಸಿ ಎದುರು ನಿಲ್ಲಿಸಿದಾಗ ನಿರ್ದೋಷಿಗಳೆಂದಳು. ಆ ಆಗಸ್ಟಿನಲ್ಲಿ ವಿಚಾರಣೆಗೆಂದು ಕೊಟ್ಟಿದ್ದ ಅಧಿಕಾರಪತ್ರಗಳನ್ನು ಸರ್ಕಾರ ಹಿಂತೆಗೆದುಕೊಂಡಿತು. ಜೇಮ್ಸ್ ಮಾಟದ ಸತ್ಯವನ್ನು ಸಾಧಿಸಲು ಬರೆದ 'ಡೆಮನಾಲಜಿ' ಹೊರಬಂದದ್ದೂ ಅದೇ ವರ್ಷ; ಎರಡನ್ನೂ ಒಂದೇ ಪುಟದಲ್ಲಿಡಿ. ಇಂಗ್ಲೆಂಡಿನ ಅರಸನಾದ ಮೇಲೆ, 1616ರಲ್ಲಿ ಲೆಸ್ಟರ್‌ನಲ್ಲಿ ತನಗೆ ಮಾಟ ತಗಲಿದೆಯೆಂದ ಒಬ್ಬ ಹುಡುಗನ ಮಾತು ನಂಬಿ ಒಂಬತ್ತು ಹೆಂಗಸರನ್ನು ಗಲ್ಲಿಗೇರಿಸಿದ ಮರು ತಿಂಗಳು ಅಲ್ಲಿಗೆ ಬಂದ ಅವನು ಹುಡುಗನ ನಟನೆಯನ್ನು ಬಯಲಿಗೆಳೆದನು.

ಅರಸನೊಬ್ಬನೇ ಕಾರಣ ಎನ್ನುವ ಮುನ್ನ ಮುಂದಿನ ಇಸವಿಗಳನ್ನೂ ಗಮನಿಸಿ. ಜೇಮ್ಸ್ 1625ರಲ್ಲಿ ತೀರಿಕೊಂಡನು. ಸ್ಕಾಟ್ಲೆಂಡಿನಲ್ಲಿ 1649ರಲ್ಲೂ 1661–62ರಲ್ಲೂ ಮತ್ತೆ ದೊಡ್ಡ ಬೇಟೆಗಳು ನಡೆದವು.