ಬಂಡಿದಾರಿ ಮತ್ತು ನಮ್ಮ ಸಂಘ: ನನ್ನ ಅನುಭವ

ಮಾಗಡಿ ತಾಲೂಕಿನಲ್ಲಿ, ಸಾವನದುರ್ಗದ ಬೆಟ್ಟ ಕಣ್ಣಿಗೆ ಬೀಳುವಷ್ಟು ಹತ್ತಿರ ನಮ್ಮ 20 ಗುಂಟೆ ತೋಟ ಇದೆ. ಅಕ್ಕಪಕ್ಕದಲ್ಲಿ ನಮ್ಮ ಹಾಗೆಯೇ ಜಮೀನು ತೆಗೆದುಕೊಂಡವರು ಇನ್ನೂ 37 ಮಂದಿ. ಹೆಚ್ಚಿನವರು ಬೆಂಗಳೂರಿನವರು. ಹನ್ನೊಂದು ಮನೆಯವರು ಮಾತ್ರ ಅಲ್ಲೇ ವಾಸ. ಊರಿನವರು ನಮ್ಮನ್ನೆಲ್ಲ ಸೇರಿಸಿ 'ಫಾರಂ ಹೌಸ್‌ನೋರು' ಅನ್ನುತ್ತಾರೆ.

2016ರಲ್ಲಿ ಜಮೀನು ಮಾಲೀಕರ ಸಂಘ ಕಟ್ಟಿದೆವು. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಎಂಟು ವರ್ಷ ಆ ಕೆಲಸ ಮಾಡಿದೆ. ಇಂಥ ಸಂಘ ನಡೆಸುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ, ಯಾವ ಕಾಯ್ದೆಯಡಿ ನೋಂದಣಿ ಮಾಡಿಸುವುದು? ಕೆಲವರು 1972ರ ಅಪಾರ್ಟ್‌ಮೆಂಟ್ ಕಾಯ್ದೆ ಅಂದರು. ಅದು ಫ್ಲಾಟುಗಳಿಗೆ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಬೇರೆ ಕ್ರಯಪತ್ರ, ಹೆಚ್ಚಿನವರಿಗೆ ಬೇರೆ ಪಹಣಿ. ಹಾಗಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ದಾರಿ ಹಿಡಿದೆವು. ಅದಕ್ಕೆ ಏಳು ಮಂದಿ ಇದ್ದರೆ ಸಾಕು. ಆದರೆ ಯಾವ ಯಾವ ಉದ್ದೇಶಕ್ಕೆ ಸಂಘ ಮಾಡಬಹುದು ಅಂತ ಕಾಯ್ದೆಯಲ್ಲೇ ಪಟ್ಟಿ ಇದೆ. ನೆಲ, ನೀರು, ವಿದ್ಯುತ್, ಕಾಡು ಇವನ್ನು ಕಾಪಾಡಿ ಸರಿಯಾಗಿ ಬಳಸುವುದು ಅದರಲ್ಲಿ ಸೇರಿದೆ. ನಾವು ಅದನ್ನೇ ಬೈಲಾದ ಮೊದಲ ಸಾಲಾಗಿ ಬರೆಸಿದೆವು. ಆಗ ಅರ್ಜಿ ಪಾಸಾಗಲಿ ಅನ್ನುವುದಷ್ಟೇ ಮನಸ್ಸಿನಲ್ಲಿತ್ತು. ಆದರೆ ಆ ಸಾಲನ್ನು ಆಮೇಲೆ ಎಷ್ಟು ಸಭೆಗಳಲ್ಲಿ ಓದಿ ಹೇಳಿದ್ದೇನೋ ಲೆಕ್ಕವಿಲ್ಲ.

ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ರಿಜಿಸ್ಟ್ರಾರ್‌ಗೆ ಕೊಡಬೇಕು. ಒಂದು ವರ್ಷ ಮರೆತೆವು. ಆಮೇಲೆ ದಂಡ ಕಟ್ಟಿ ಸರಿಮಾಡಿಸಿಕೊಳ್ಳಲು ಓಡಾಡಿದ್ದು ಸಾಕಾಗಿ ಹೋಯಿತು. ಸಭೆಯ ದಿನವೇ ಫಾರಂಗೆ ಸಹಿ ಹಾಕಿಸಿಬಿಡಿ. ಜನ ಊಟ ಮುಗಿಸಿ ಹೊರಟರೆ ಮತ್ತೆ ಸಿಗುವುದು ಕಷ್ಟ.

ಇನ್ನು ದಾರಿಯ ವಿಷಯ. ನಮ್ಮ ಸಂಘ ಒಡೆದುಹೋಗುವ ಹಾಗಾಗಿದ್ದು ಇದರಿಂದ, ಉಳಿದುಕೊಂಡದ್ದೂ ಇದರಿಂದಲೇ.

ಡಾಂಬರು ರಸ್ತೆಯಿಂದ ನಮ್ಮ ತೋಟಗಳಿಗೆ ಒಂದು ಕಿಲೋಮೀಟರ್ ಮಣ್ಣಿನ ದಾರಿ. 2017ರಲ್ಲಿ ಎರಡು ಸಲ ಬೋರ್‌ವೆಲ್ ಕೇಬಲ್ ಕಳವಾಯಿತು. ತಾಮ್ರದ ಆಸೆಗೆ ಕತ್ತರಿಸಿಕೊಂಡು ಹೋಗಿದ್ದರು. ಸದಸ್ಯರಿಗೆ ಸಿಟ್ಟು ಬಂತು. ದಾರಿಯ ಬಾಯಿಗೇ ಗೇಟು ಹಾಕೋಣ, ವಾಚ್‌ಮನ್ ಇಡೋಣ ಅಂತ ತೀರ್ಮಾನವಾಯಿತು. ನಾನೂ ಕೈ ಎತ್ತಿದ್ದೆ. ಹಣ ಸೇರಿತು, ಗೇಟು ವೆಲ್ಡಿಂಗ್ ಆಯಿತು.

ಕಂಬ ನಿಲ್ಲಿಸಲು ಗುಂಡಿ ತೋಡುತ್ತಿದ್ದ ಬೆಳಿಗ್ಗೆ ಊರಿನ ಒಬ್ಬ ಅಜ್ಜ ಎತ್ತು ಹೊಡೆದುಕೊಂಡು ಬಂದರು. ಗುಂಡಿ ನೋಡಿದರು. ಜಗಳ ಮಾಡಲಿಲ್ಲ. "ಅಮ್ಮಾ, ಈ ದಾರೀಲಿ ನಮ್ಮಪ್ಪ ಬಂಡಿ ಹೊಡ್ದವ್ರೆ. ಬೀಗ ಹಾಕ್ಬಿಟ್ರೆ ನಾನು ಕೆರೆಗೆ ದನ ಎಲ್ಲಿಂದ ಹೊಡ್ಕೊಂಡು ಹೋಗ್ಲಿ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಕೆಲಸ ನಿಲ್ಲಿಸಿದೆ.

ಮರುದಿನ ಗ್ರಾಮ ನಕ್ಷೆ ತೆಗೆಸಿದೆ. ಜಮೀನು ಕೊಳ್ಳುವಾಗ ಕ್ರಯಪತ್ರ, ಪಹಣಿ, 11ಇ ಸ್ಕೆಚ್ (ಮಾರುವ ಭಾಗದ ಸರ್ವೆ ನಕ್ಷೆ) ಎಲ್ಲ ನೋಡಿದ್ದ ನಾನು ಊರಿನ ನಕ್ಷೆಯನ್ನೇ ನೋಡಿರಲಿಲ್ಲ. ನಕ್ಷೆಯಲ್ಲಿ ಒಂಟಿ ಚುಕ್ಕೆ ಸಾಲು ಅಂದರೆ ಕಾಲುದಾರಿ, ಜೋಡಿ ಚುಕ್ಕೆ ಸಾಲು ಅಂದರೆ ಬಂಡಿದಾರಿ. ನಾವು ಗೇಟು ಹಾಕಲು ಹೊರಟಿದ್ದ ಜಾಗದಲ್ಲಿ ಸ್ಪಷ್ಟವಾಗಿ ಜೋಡಿ ಚುಕ್ಕೆ ಸಾಲು. ಅದು ನಮ್ಮ ಸರ್ವೆ ನಂಬರುಗಳ ಪಕ್ಕದಲ್ಲೇ ಹಾದು ಕೆರೆ ಏರಿಗೂ, ಅಲ್ಲಿಂದ ಸ್ಮಶಾನಕ್ಕೂ ಹೋಗುತ್ತದೆ. ಊರಿನವರು ಇದನ್ನು ನಕಾಶೆ ದಾರಿ ಅನ್ನುತ್ತಾರೆ. ನಕಾಶೆ ದಾರಿಗೆ ಬೀಗ ಹಾಕುವ ಹಕ್ಕು ಯಾರಿಗೂ ಇಲ್ಲ. ಹಾಕಿದ್ದರೆ ತಹಶೀಲ್ದಾರರಿಗೆ ಅರ್ಜಿ ಹೋಗುತ್ತಿತ್ತು, ಗೇಟು ಕಿತ್ತು ಹಾಕುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಆ ಊರಿನಲ್ಲಿ ನಮಗೆ ಮುಖ ಎತ್ತಿ ಓಡಾಡಲು ಆಗುತ್ತಿರಲಿಲ್ಲ. ಹೆಣ ಹೊತ್ತುಕೊಂಡು ಬಂದವರು ವಾಚ್‌ಮನ್ ಹತ್ತಿರ ಬೀಗದ ಕೈ ಕೇಳಬೇಕಿತ್ತು, ಯೋಚನೆ ಮಾಡಿ.

ವಿಶೇಷ ಸಭೆ ಕರೆದು ಮೇಜಿನ ಮೇಲೆ ನಕ್ಷೆ ಹರಡಿದೆ. ಮೂರು ಗಂಟೆ ಮಾತಾಯಿತು. "ನಮ್ಮ ಭದ್ರತೆ ಮುಖ್ಯ ಅಲ್ವಾ?" ಅಂದರು ಕೆಲವರು. ಮುಖ್ಯವೇ. ಆದರೆ ಊರಿನವರನ್ನು ಹೊರಗಿಟ್ಟು ಭದ್ರತೆ ಬರುವುದಿಲ್ಲ ಅನ್ನುವುದು ಆ ಹೊತ್ತಿಗೆ ನನಗೆ ಖಚಿತವಾಗಿತ್ತು. ಕೊನೆಗೆ ಗೇಟು ಬೇಡ ಅಂತಾಯಿತು. ಇಬ್ಬರು ಸದಸ್ಯರು ಅಂದಿನಿಂದ ವಂತಿಗೆ ಕಟ್ಟುವುದನ್ನೇ ನಿಲ್ಲಿಸಿದರು. ನನಗೆ ಈಗಲೂ ಅದರ ನೋವಿದೆ.

ಕಳ್ಳತನಕ್ಕೆ ಬೇರೆ ಉಪಾಯ ಮಾಡಿದೆವು. ಬೋರ್‌ವೆಲ್ ಬಾಯಿಂದ ಸ್ಟಾರ್ಟರ್ ಡಬ್ಬಿಯವರೆಗೆ ಕೇಬಲ್ಲನ್ನು ಜಿಐ ಪೈಪಿನೊಳಗೆ ತೂರಿಸಿ, ಬಾಯಿಗೆ ಕಬ್ಬಿಣದ ಮುಚ್ಚಳ ವೆಲ್ಡ್ ಮಾಡಿಸಿದೆವು. ದಾರಿ ಕೂಡುವಲ್ಲಿ ಒಂದು ಸೋಲಾರ್ ದೀಪ. ರಾತ್ರಿ ಸುತ್ತು ಹೊಡೆಯಲು ಊರಿನದೇ ಇಬ್ಬರು ಹುಡುಗರು. ಯಾವ ಬೈಕು ಯಾರದ್ದು ಅಂತ ಅವರಿಗೆ ಗೊತ್ತು. ನಗರದ ಏಜೆನ್ಸಿಯಿಂದ ಬಂದ ವಾಚ್‌ಮನ್‌ಗೆ ಇದು ಹೇಗೆ ಗೊತ್ತಾಗಬೇಕು? ಆಮೇಲೆ ಕೇಬಲ್ ಹೋಗಿಲ್ಲ.

ಅದೇ ದಾರಿ ಮಳೆಗಾಲದಲ್ಲಿ ಕೆಸರು ಗದ್ದೆಯಾಗುತ್ತಿತ್ತು. ಎರಡು ವರ್ಷ ನಮ್ಮ ಹಣದಲ್ಲಿ ಸುಮ್ನೆ ಗ್ರಾವೆಲ್ ಹೊಡೆಸಿದೆವು, ಎರಡೂ ವರ್ಷ ಕೊಚ್ಚಿಹೋಯಿತು. ನೀರು ಹರಿದುಹೋಗಲು ಪಕ್ಕದಲ್ಲಿ ಚರಂಡಿ ಇಲ್ಲದೆ ಎಷ್ಟು ಲೋಡ್ ಸುರಿದರೂ ವ್ಯರ್ಥ. ಮೊದಲು ಚರಂಡಿ, ಹಳ್ಳ ದಾಟುವಲ್ಲಿ ಹ್ಯೂಮ್ ಪೈಪ್ (ಸಿಮೆಂಟಿನ ದೊಡ್ಡ ಕೊಳವೆ), ಆಮೇಲೆ ಗ್ರಾವೆಲ್. ಇದನ್ನು ನಮಗೆ ಹೇಳಿಕೊಟ್ಟವರು ಟ್ರ್ಯಾಕ್ಟರ್ ಓಡಿಸುವ ಅಣ್ಣ.

ಇಷ್ಟು ದೊಡ್ಡ ಕೆಲಸ ನಮ್ಮ ಕೈಲಿ ಆಗುತ್ತಿರಲಿಲ್ಲ. ಉದ್ಯೋಗ ಖಾತ್ರಿಯಲ್ಲಿ 'ನಮ್ಮ ಹೊಲ ನಮ್ಮ ದಾರಿ' ಅಂತ ಹೊಲದ ದಾರಿಗಳಿಗೆಂದೇ ಯೋಜನೆ ಇತ್ತು. ಕೂಲಿಗೆ 60, ಸಾಮಗ್ರಿಗೆ 40ರ ಅನುಪಾತ. ಅದಕ್ಕೆ ಗ್ರಾಮಸಭೆಯಲ್ಲಿ ಕೇಳಿ ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಬೇಕಿತ್ತು. ನಮ್ಮಲ್ಲಿ ಹೆಚ್ಚಿನವರ ಓಟು ಬೆಂಗಳೂರಿನಲ್ಲಿ. ನಾವು ಎದ್ದು ನಿಂತು ಕೇಳಿದ್ದರೆ 'ಕಾರಿನವರಿಗೆ ರಸ್ತೆ ಯಾಕೆ' ಅನ್ನುತ್ತಿದ್ದರು, ಅದು ನ್ಯಾಯವೂ ಹೌದು. ಗ್ರಾಮಸಭೆಯಲ್ಲಿ ಕೇಳಿದ್ದು ಎತ್ತಿನ ಅಜ್ಜನ ಸೊಸೆ. ಕೆರೆಗೆ, ಹೊಲಕ್ಕೆ, ಸ್ಮಶಾನಕ್ಕೆ ದಾರಿ ಬೇಕು ಅಂದರು. ನಾನು ನಕ್ಷೆಯ ಪ್ರತಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಗೇಟು ಹಾಕಿದ್ದರೆ ಆಕೆ ನಮ್ಮ ಪಕ್ಕ ನಿಲ್ಲುತ್ತಿದ್ದರಾ? ಎರಡು ಹ್ಯೂಮ್ ಪೈಪಿನ ಖರ್ಚನ್ನು ಸಂಘ ಕೊಟ್ಟಿತು.

ವಂತಿಗೆ ಎಷ್ಟು ಅನ್ನುವುದು ಪ್ರತಿ ಸಂಘದ ತಲೆನೋವು. ಗುಂಟೆ ಲೆಕ್ಕ ಹಾಕಿದರೆ ಎರಡು ಎಕರೆ ಮಾವು ಹಾಕಿ ತಿಂಗಳಿಗೊಮ್ಮೆ ಬರುವವರಿಗೆ ಬೇಜಾರು. ತಲೆಗಿಷ್ಟು ಅಂದರೆ ಹತ್ತು ಗುಂಟೆಯವರಿಗೆ ಭಾರ. ಎರಡೂ ಮಾಡಿ ನೋಡಿ, ಕೊನೆಗೆ ವರ್ಷಕ್ಕೆ ಎಲ್ಲರಿಗೂ ಸಮನಾಗಿ 6,000 ರೂಪಾಯಿ, ಅದರ ಮೇಲೆ ಗುಂಟೆಗೆ 150 ಅಂತ ಮಾಡಿದೆವು. ನಮ್ಮ 20 ಗುಂಟೆಗೆ 9,000 ಆಗುತ್ತದೆ. ನೀರಿಗೆ ಬೇರೆ, ಮೀಟರ್ ಓದಿದಷ್ಟು. ಮೀಟರ್ ಹಾಕಿದ ಮೇಲೆ ನೀರಿನ ಜಗಳ ತಾನಾಗಿ ನಿಂತಿತು.

ಲೆಕ್ಕದ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ನಗದು ಮುಟ್ಟುತ್ತಿರಲಿಲ್ಲ. ಚೆಕ್ಕಿಗೆ ಮೂವರಲ್ಲಿ ಇಬ್ಬರ ಸಹಿ. ಪ್ರತಿ ತಿಂಗಳು ಐದನೇ ತಾರೀಖಿಗೆ ಒಂದೇ ಹಾಳೆಯಲ್ಲಿ ಜಮಾ ಖರ್ಚು ಬರೆದು ಪಂಪ್‌ಹೌಸ್ ಗೋಡೆಗೆ ಅಂಟಿಸುತ್ತಿದ್ದೆ, ಅದರ ಫೋಟೋ ವಾಟ್ಸಾಪ್ ಗುಂಪಿಗೆ. ಬಾಕಿ ಇರುವವರ ಹೆಸರನ್ನು ಮಾತ್ರ ಗೋಡೆಗೆ ಹಾಕಲಿಲ್ಲ. ಹಾಕಿ ಅಂತ ಒತ್ತಾಯ ಇತ್ತು. ಮನುಷ್ಯರಿಗೆ ಕಷ್ಟ ಬರುತ್ತದೆ. ಒಬ್ಬರ ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿತ್ತು ಅಂತ ನನಗೆ ಫೋನಿನಲ್ಲಿ ಮಾತಾಡಿದಾಗ ಗೊತ್ತಾಯಿತು. ಅವರು ಮರುವರ್ಷ ಎಲ್ಲ ಕಟ್ಟಿದರು.

ಬೇಸಿಗೆಯ ಚಿಂತೆ ಬೆಂಕಿ. ಬೆಟ್ಟದ ಬುಡದ ಬಾದೆ ಹುಲ್ಲು ಫೆಬ್ರವರಿ ಹೊತ್ತಿಗೆ ಒಣಗಿ ನಿಂತಿರುತ್ತದೆ, ಒಂದು ಬೀಡಿ ಸಾಕು. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಎಲ್ಲ ಸದಸ್ಯರೂ ಬರಬೇಕು ಅಂತ ಮಾಡಿದೆವು. ಬೇಲಿಯ ಹೊರಗೆ ಮೂರು ಮೀಟರ್ ಅಗಲಕ್ಕೆ ಹುಲ್ಲು ಸವರಿ ನೆಲ ಬರಿದು ಮಾಡುತ್ತೇವೆ. ಸವರಿದ ಹುಲ್ಲನ್ನು ಸುಡುವುದಿಲ್ಲ, ತೆಂಗಿನ ಬುಡಕ್ಕೆ ಮುಚ್ಚಿಗೆ. ಮಧ್ಯಾಹ್ನ ಮುದ್ದೆ, ಹಿತಕಿದ ಬೇಳೆ ಸಾರು. ಅವರೆಕಾಯಿ ಕಾಲ ಅಲ್ವಾ. ವರ್ಷದಲ್ಲಿ ಜಾಸ್ತಿ ಜನ ಸೇರುವುದು ಆ ದಿನವೇ. ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಕುಡುಗೋಲು ಹಿಡಿದಾಗ ಮಾತಾಡಿದ್ದನ್ನು ನಾನು ನೋಡಿದ್ದೇನೆ.

2020ರಲ್ಲಿ ನಮ್ಮ ತಾಲೂಕಿನಲ್ಲಿ ಚಿರತೆ ದಾಳಿಗೆ ಜೀವ ಹೋದಾಗ ಎಲ್ಲರೂ ನಡುಗಿದ್ದೆವು. ಅರಣ್ಯ ಇಲಾಖೆಯ ಸಹಾಯವಾಣಿ 1926 ಅನ್ನು ಪ್ರತಿ ಮನೆ ಬಾಗಿಲಿಗೆ ಬರೆಸಿದೆವು. ದಾರಿ ಪಕ್ಕದ ಲಂಟಾನ ಕಡಿಸಿದೆವು. ಅದಕ್ಕಿಂತ ಮುಖ್ಯ ಕಸ. ವಾರಾಂತ್ಯದ ಅಡುಗೆಯ ಕೋಳಿ, ಮಾಂಸದ ಉಳಿಕೆಯನ್ನು ಬೇಲಿಯಾಚೆ ಎಸೆದರೆ ನಾಯಿ ಸೇರುತ್ತವೆ. ನಾಯಿ ಹುಡುಕಿಕೊಂಡು ಚಿರತೆ ಬರುತ್ತದೆ. ಬಂದ ಚಿರತೆ ನಮ್ಮ ಗೋಡೆಯ ಹತ್ತಿರ ನಿಲ್ಲುವುದಿಲ್ಲ, ಊರಿನ ಕೊಟ್ಟಿಗೆಗೆ ಹೋಗುತ್ತದೆ. ಗುಂಡಿ ತೋಡಿ ಕಸ ಮುಚ್ಚದವರಿಗೆ ದಂಡ ಹಾಕಿದೆವು. ಸಂಘ ದಂಡ ಹಾಕಿದ್ದು ಇದೊಂದೇ ವಿಷಯಕ್ಕೆ.

ಇನ್ನೊಂದು ಸಣ್ಣ ಕೆಲಸ, ಎಲ್ಲರೂ ಮಾಡಲೇಬೇಕಾದದ್ದು. ಒಂದು ರಾತ್ರಿ ಸದಸ್ಯರೊಬ್ಬರ ತಂದೆಗೆ ಎದೆನೋವು ಬಂದು 108ಕ್ಕೆ ಫೋನ್ ಮಾಡಿದಾಗ ಆಂಬುಲೆನ್ಸಿಗೆ ಮನೆ ಸಿಗಲಿಲ್ಲ. ಎಲ್ಲ ಬೇಲಿಯೂ ಒಂದೇ ಥರ. ಹಿರಿಯರು ಉಳಿದರು. ಮರುವಾರ ಪ್ರತಿ ತೋಟದ ಕಲ್ಲುಕಂಬಕ್ಕೆ ಬಿಳಿ ಬಣ್ಣದಲ್ಲಿ ದೊಡ್ಡ ನಂಬರು ಬರೆಸಿದೆವು.

ಊರಹಬ್ಬದ ಮಾತು ಹೇಳದೆ ಇದು ಮುಗಿಯುವುದಿಲ್ಲ. 2018ರಲ್ಲಿ ಮಾರಿಹಬ್ಬಕ್ಕೆ ಸಂಘದಿಂದ 25,000 ರೂಪಾಯಿ ಚೆಕ್ ಬರೆದುಕೊಂಡು ಹೋಗಿದ್ದೆ. ದೇವಸ್ಥಾನದ ಜಗಲಿಯಲ್ಲಿ ಕೂತಿದ್ದ ಹಿರಿಯರು ಅದನ್ನು ನೋಡಿ ನನ್ನ ಕೈಗೇ ವಾಪಸ್ ಇಟ್ಟರು. "ದೇಣಿಗೆ ಬ್ಯಾಡ ಕಣಮ್ಮ. ವರಿ ಕೊಡಿ. ಮನೆಗೆ ಐನೂರು. ಎಲ್ಲಾರ್ಗೂ ಅಷ್ಟೇ."

ನನಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ದೇಣಿಗೆ ಯಾರು ಬೇಕಾದರೂ ಕೊಡಬಹುದು, ಎಲ್ಲಿಂದ ಬೇಕಾದರೂ. ವರಿ ಕೊಡುವುದು ಊರಿನ ಮನೆಗಳು. ಇಪ್ಪತ್ತೈದು ಸಾವಿರ ಬೇಡ ಅಂದವರು ಐನೂರು ಕೇಳಿ ನಮ್ಮನ್ನು ಆ ಪಟ್ಟಿಗೆ ಸೇರಿಸಿಕೊಂಡಿದ್ದರು. ಅಲ್ಲೇ ವಾಸವಿದ್ದ ಹನ್ನೊಂದು ಮನೆಯವರೂ ವರಿ ಕೊಟ್ಟೆವು. ಸಂಘದ ಹಣದಿಂದಲ್ಲ, ಅವರವರ ಮನೆಯಿಂದ. ಆ ವರ್ಷ ಊರಿನ ಹೆಂಗಸರು ಬಂದು ತಂಬಿಟ್ಟಿನ ಆರತಿ ಹೇಗೆ ಮಾಡಬೇಕು ಅಂತ ನಮ್ಮ ಅಡುಗೆಮನೆಯಲ್ಲೇ ಕೂತು ತೋರಿಸಿಕೊಟ್ಟರು. ಬೆಲ್ಲದ ಹದ ತಪ್ಪಿ ನನ್ನ ತಂಬಿಟ್ಟು ಬಿರುಕು ಬಿಟ್ಟಿತ್ತು. ಎತ್ತಿನ ಅಜ್ಜನ ಸೊಸೆ ಒದ್ದೆ ಕೈಯಲ್ಲಿ ಸವರಿ ಸರಿಮಾಡಿ, ಹೂವು ಸಿಕ್ಕಿಸಿ ತಟ್ಟೆಯನ್ನು ನನ್ನ ತಲೆಯ ಮೇಲೆ ಇಟ್ಟರು. ಸಾಲಿನಲ್ಲಿ ಆಕೆಯ ಹಿಂದೆ ನಡೆದೆ. ಅದೇ ಬಂಡಿದಾರಿಯಲ್ಲಿ.

ನಮ್ಮ ತೋಟಗಳ ನಡುವಿನ ಒಳರಸ್ತೆಗಳದ್ದು ಬೇರೆಯೇ ಕಥೆ. ಆ ಜಾಗ ಯಾರಿಗೂ ಮಾರದೆ ಉಳಿದದ್ದರಿಂದ ಪಹಣಿಯಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರೇ ಇತ್ತು. ಅವರ ಕಾಲಾನಂತರ ಮಕ್ಕಳು ಬೇಲಿ ಹಾಕಿದ್ದರೆ ನಾವು ಏನು ಮಾಡಬೇಕಿತ್ತು? ಮೂರು ವರ್ಷ ಅವರ ಮನೆಗೆ ಹೋಗಿ ಬಂದು ಮಾಡಿದೆ. ಕೊನೆಗೆ ಅವರೂ ಮಕ್ಕಳೂ ಒಪ್ಪಿ ರಸ್ತೆ ಜಾಗವನ್ನು ಪಂಚಾಯಿತಿಗೆ ದಾನಪತ್ರ ಮಾಡಿಕೊಟ್ಟರು. ಜಮೀನು ಕೊಳ್ಳುವವರು ನಿಮ್ಮ ಗುಂಟೆಗಳ ಜೊತೆಗೆ ರಸ್ತೆಯ ಪಹಣಿಯನ್ನೂ ದಯವಿಟ್ಟು ನೋಡಿ.

2024ರಲ್ಲಿ ಕೆಲಸವನ್ನು ಕಿರಿಯರೊಬ್ಬರಿಗೆ ಒಪ್ಪಿಸಿದೆ. ಆರು ಮಂದಿಯ ಪೋಡಿ (ಪಾಲನ್ನು ಅಳೆದು ಬೇರೆ ಮಾಡುವುದು) ಮಾತ್ರ ಇನ್ನೂ ಬಾಕಿ ಇದೆ, ಜಂಟಿ ಪಹಣಿಯಲ್ಲೇ ಉಳಿದಿದ್ದಾರೆ. ಅದನ್ನು ಮುಗಿಸಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಮೋಜಿಣಿಗೆ, ಅಂದರೆ ಸರ್ವೆ ಇಲಾಖೆಯ ಅಳತೆಗೆ, ಅರ್ಜಿ ಹಾಕಿ ಆಗಿದೆ. ಅಳತೆಯ ದಿನ ಪಕ್ಕದ ಜಮೀನಿನವರೂ ಸ್ಥಳದಲ್ಲಿರಬೇಕು. ನೋಟಿಸ್ ಕೈಗೆ ಬಂದು ಅವರು ಗಾಬರಿಯಾಗುವುದು ಬೇಡ ಅಂತ ಕಳೆದ ವಾರ ಮನೆಮನೆಗೆ ಹೋಗಿ ಹೇಳಿ ಬಂದೆ. ಕಲ್ಲು ನೆಡುವಾಗ ಎತ್ತಿನ ಅಜ್ಜನೂ ಬರುತ್ತೇನೆ ಅಂದಿದ್ದಾರೆ. ಹಳೆಯ ಕಲ್ಲುಗಳು ಎಲ್ಲೆಲ್ಲಿ ಹೂತಿವೆ ಅಂತ ಅವರಿಗೆ ಗೊತ್ತಂತೆ.