ರಿಮೂವ್ ಬಂದಲ್ಲೆಲ್ಲ ‘ಅಳಿಸಿ’ ಎಂದು ಬರೆದಿದ್ದೆ

ಮೊಬೈಲ್ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ ಹೊಸತರಲ್ಲಿ ‘ರಿಮೂವ್’ ಕಂಡಲ್ಲೆಲ್ಲ ‘ಅಳಿಸಿ’ ಎಂದು ಬರೆಯುತ್ತಿದ್ದೆ. ಪದಕ್ಕೊಂದು ಪದವಿದ್ದರೆ ಓದುವವರಿಗೆ ಗೊಂದಲವಿರದು ಎಂದು ನಂಬಿದ್ದೆ. ‘ಆಲ್ಬಮ್‌ನಿಂದ ಅಳಿಸಿ’ ಎಂಬ ಗುಂಡಿಯ ಮುಂದೆ ಬಳಕೆದಾರರೊಬ್ಬರು ಬೆರಳು ಹಿಂದಕ್ಕೆಳೆದುಕೊಂಡು, “ಫೋಟೋ ಪೂರ್ತಿ ಹೋಗಿಬಿಡುತ್ತದೆಯೇ?” ಎಂದು ಕೇಳಿದಾಗ ಆ ನಂಬಿಕೆ ಕುಸಿಯಿತು. ಫೋಟೋ ಹೋಗುತ್ತಿರಲಿಲ್ಲ, ಆಲ್ಬಮ್‌ನಿಂದ ಹೊರಬಂದು ಫೋನಿನಲ್ಲೇ ಉಳಿಯುತ್ತಿತ್ತು. ಮೂಲದಲ್ಲಿ ರಿಮೂವ್ ಬೇರೆ, ಡಿಲೀಟ್ ಬೇರೆ. ಎರಡನ್ನೂ ಕಲಸಿಬಿಟ್ಟವನು ನಾನು.

ಆಮೇಲೆ ನಿಘಂಟು ಹಿಡಿದು ಕೂತೆ. ರಿಮೂವ್‌ನ ಬೇರು ಲ್ಯಾಟಿನ್ನಿನ ‘ರೆಮೊವೇರೆ’. ಹಿಂದಕ್ಕೆ ಸರಿಸು ಎಂದರ್ಥ. ಸರಿಸಿದ ವಸ್ತು ನಾಶವಾಗಬೇಕಿಲ್ಲ. ಮನೆ ಬದಲಿಸುವಾಗ ಸಾಮಾನು ಸಾಗಿಸುವುದನ್ನು ಬ್ರಿಟನ್ನಿನಲ್ಲಿ ಇಂದಿಗೂ ‘ರಿಮೂವಲ್ಸ್’ ಎನ್ನುತ್ತಾರೆ.

ಅಂದಿನಿಂದ ‘ಅಳಿಸು’ ಡಿಲೀಟ್‌ಗೆ ಮೀಸಲಾಯಿತು, ರಿಮೂವ್‌ಗೆ ‘ತೆಗೆ’ ಬಂತು. ಆದರೆ ‘ತೆಗೆ’ಯೂ ಸುಲಭದ ಪದವಲ್ಲ. ಬಾಗಿಲು ತೆಗೆ ಎಂದರೆ ಬಾಗಿಲನ್ನು ಕಿತ್ತು ಪಕ್ಕಕ್ಕಿಡು ಎಂದಲ್ಲವಲ್ಲ! ಯಂತ್ರದ ಕೈಪಿಡಿಯಲ್ಲಿ ‘ಮುಚ್ಚಳ ತೆಗೆಯಿರಿ’ ಎಂದು ಬರೆದರೆ ತೆರೆಯಬೇಕೋ, ಬೇರ್ಪಡಿಸಬೇಕೋ ತಿಳಿಯದು. ಅಲ್ಲಿ ‘ತಿರುಪು ಬಿಚ್ಚಿ, ಮುಚ್ಚಳ ಕಳಚಿಡಿ’ ಎಂದು ಬರೆದೆ.

ಈಗ ಮೊದಲು ನೋಡುವುದು ಆ ವಸ್ತು ಹೇಗೆ ಅಂಟಿಕೊಂಡಿತ್ತು ಎಂಬುದನ್ನು. ಇಂಗ್ಲಿಷ್ ಕ್ರಿಯಾಪದಕ್ಕೆ ವಸ್ತು ಹೋದರೆ ಸಾಕು. ಕನ್ನಡಕ್ಕೆ ಅದು ಹೋದ ಬಗೆಯೂ ಬೇಕು. ಬೇರೂರಿದ ಹಲ್ಲನ್ನು ಕೀಳುತ್ತೇವೆ, ಸಿಪ್ಪೆಯನ್ನು ಸುಲಿಯುತ್ತೇವೆ, ಗಂಟನ್ನು ಬಿಚ್ಚುತ್ತೇವೆ, ಚಪ್ಪಲಿಯನ್ನು ಬಿಡುತ್ತೇವೆ. ಕಲೆಯನ್ನು ಹೋಗಲಾಡಿಸಬೇಕು, ಅನುಮಾನವನ್ನು ನಿವಾರಿಸಬೇಕು. ನೌಕರನನ್ನಾದರೆ ವಜಾ ಮಾಡುತ್ತಾರೆ. ಇಷ್ಟೆಲ್ಲಕ್ಕೂ ಇಂಗ್ಲಿಷಿನಲ್ಲಿ ರಿಮೂವ್ ಒಂದೇ ಸಾಕಾಗುತ್ತದೆ. ಎಲ್ಲ ಕಡೆ ‘ತೆಗೆದುಹಾಕಿ’ ಎಂದು ತುಂಬಿದ ಅನುವಾದ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಇಷ್ಟು ಪದಗಳು ಕೈಯಳತೆಯಲ್ಲೇ ಇರುವಾಗ.

ಅತಿ ಹೆಚ್ಚು ಕಾಡಿದ್ದು ‘ಕಸಿನ್ ಒನ್ಸ್ ರಿಮೂವ್ಡ್’. ಕರಡೊಂದರಲ್ಲಿ ಅದು ‘ದೂರವಾದ ಸಂಬಂಧಿ’ ಆಗಿತ್ತು, ಜಗಳವಾಡಿ ಮಾತು ಬಿಟ್ಟವರ ಹಾಗೆ. ಅಲ್ಲಿ ರಿಮೂವ್ಡ್ ಅಳೆಯುವುದು ತಲೆಮಾರಿನ ಅಂತರವನ್ನು. ಅಪ್ಪನ ದೊಡ್ಡಪ್ಪನ ಮಗನೂ ಆಗಬಹುದು, ನನ್ನ ಚಿಕ್ಕಪ್ಪನ ಮೊಮ್ಮಗಳೂ ಆಗಬಹುದು. ಯಾರ ಕಡೆಯವರು, ಮೇಲಿನ ತಲೆಮಾರೋ ಕೆಳಗಿನದೋ ಎಂದು ಲೇಖಕರನ್ನೇ ಕೇಳಿ ತಿಳಿದ ಮೇಲೆ ಆ ಸಾಲು ಬರೆದೆ.