ಸೆವೆನ್ಸ್ ಹುಡುಗರಿಂದಲೇ ಕಾಲೇಜು ತಂಡ ಕಟ್ಟಿದ ನನ್ನ ಅನುಭವ

ಹೊನಲು ಬೆಳಕಿನ ಸೆವೆನ್ಸ್ (ತಂಡಕ್ಕೆ ಏಳೇ ಜನರ ಫುಟ್‌ಬಾಲ್) ಪಂದ್ಯಾಟಗಳಲ್ಲಿ ಪಳಗಿದ ಹುಡುಗರು ಹನ್ನೊಂದು ಜನರ ಆಟಕ್ಕೆ ಒಗ್ಗುವುದಿಲ್ಲ, ಒಗ್ಗಿದರೂ ಕಾಲೇಜಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಬುದ್ಧಿ ಹೇಳದ ದೈಹಿಕ ಶಿಕ್ಷಣ ನಿರ್ದೇಶಕರು ನಮ್ಮ ದಕ್ಷಿಣ ಕನ್ನಡದಲ್ಲಿ ಇರಲಿಕ್ಕಿಲ್ಲ. 2024-25ರ ಸಾಲಿನಲ್ಲಿ ಅಂತರ ಕಾಲೇಜು ಫೈನಲ್ ಗೆದ್ದ ನಮ್ಮ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಅಂಥ ಹುಡುಗರೇ ಆಗಿದ್ದರು. ಆದ್ದರಿಂದ ಇದನ್ನು ಹೇಗೆ ಮಾಡಿದೆ ಎಂದು ಕೇಳುವ ಸಹೋದ್ಯೋಗಿಗಳಿಗಾಗಿ ಈ ಬರಹ.

ನಾನು ಈ ಕಾಲೇಜಿಗೆ ಬಂದದ್ದು 2022ರ ಜೂನ್‌ನಲ್ಲಿ. ಫುಟ್‌ಬಾಲ್ ತಂಡವೆಂದು ಇದ್ದದ್ದು ಒಂಬತ್ತು ಹುಡುಗರು ಮತ್ತು ನಾಲ್ಕು ಚೆಂಡುಗಳು. ಆ ನಾಲ್ಕರಲ್ಲಿ ಎರಡು ಆಗಲೇ ಆಕಾರ ಕೆಟ್ಟು ಮೊಟ್ಟೆಯಂತಾಗಿದ್ದವು. ಕ್ರೀಡಾ ನಿಧಿಯಿಂದ ಫುಟ್‌ಬಾಲಿಗೆ ವರ್ಷಕ್ಕೆ ಸುಮಾರು 60,000 ರೂಪಾಯಿ ಸಿಗುತ್ತಿತ್ತು, ಅದರಲ್ಲಿ ಅರ್ಧದಷ್ಟು ಪ್ರಯಾಣ ಭತ್ಯೆಗೇ ಹೋಗುತ್ತಿತ್ತು. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪದವಿಪೂರ್ವ ಮಟ್ಟದಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾದವರ ಪಟ್ಟಿ ಹಿಡಿದು ಫೋನ್ ಮಾಡಿ, ಹಾಸ್ಟೆಲ್ ಶುಲ್ಕ ಮನ್ನಾ ಮಾಡಿಸುತ್ತೇನೆಂದು ಹೇಳಿ ನಾಲ್ವರನ್ನು ಒಪ್ಪಿಸಿದೆ. ಒಬ್ಬನ ಪೂರಕ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಪ್ರವೇಶಾತಿ ಮುಗಿದಿತ್ತು. ಇನ್ನೊಬ್ಬನ ಅರ್ಹತಾ ಪತ್ರ ಪಂದ್ಯಾಟ ಮುಗಿದ ಮೇಲೆ ಬಂತು. ಉಳಿದಿಬ್ಬರು ಮೊದಲ ಸೆಮಿಸ್ಟರ್ ಪರೀಕ್ಷೆ ಹತ್ತಿರವಾದಾಗ ಊರಿಗೆ ಹೋದವರು ಮರಳಲೇ ಇಲ್ಲ. ಹಾಸ್ಟೆಲ್ ಮತ್ತು ಊಟದ ಲೆಕ್ಕದಲ್ಲಿ ನಲವತ್ತೈದು ಸಾವಿರದಷ್ಟು ಹಣ ಹೋಯಿತು, ಮೊದಲ ಸುತ್ತಿನಲ್ಲಿ 0-6ರಿಂದ ಸೋತೆವು. ಆಡಳಿತ ಮಂಡಳಿಯ ಸಭೆಯಲ್ಲಿ ಖರ್ಚಿನ ರಸೀದಿಗಳನ್ನೆಲ್ಲ ಇಟ್ಟೆ, ಆದರೆ ಅದಕ್ಕೆ ಬಂದ ಫಲವೇನು ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅನುದಾನದ ಬಾಗಿಲು ಮತ್ತೆ ತೆರೆದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ. ಪತ್ರಿಕೆಯ ಆ ಪುಟವನ್ನು ಹಿಡಿದುಕೊಂಡು ಪ್ರಾಂಶುಪಾಲರ ಬಳಿಗೆ ಹೋದೆ. ಹೊಸ ಅನುದಾನ ಒಂದೂವರೆ ಲಕ್ಷದ ಆಸುಪಾಸಿನಲ್ಲಿ ಮಂಜೂರಾಯಿತು, ಹಾಸ್ಟೆಲಿನಲ್ಲಿ ಆರು ಉಚಿತ ಸೀಟುಗಳೂ ದೊರೆತವು.

ಈ ಬಾರಿ ಪಟ್ಟಿಯನ್ನು ಮುಟ್ಟಲಿಲ್ಲ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಉಳ್ಳಾಲ, ತೊಕ್ಕೊಟ್ಟು, ಮಂಜೇಶ್ವರ, ಉಪ್ಪಳದ ಕಡೆಯ ಸೆವೆನ್ಸ್ ಅಂಗಣಗಳ ಬದಿಯಲ್ಲಿ ನಿಂತೆ. ಕೊಡಗು ಹಾಕಿಯ ನಾಡಾದರೂ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳ ಹುಡುಗರು ಫುಟ್‌ಬಾಲ್ ಆಡುತ್ತಾರೆಂದು ತಿಳಿದಿದ್ದರಿಂದ ಸಿದ್ದಾಪುರಕ್ಕೂ ಎರಡು ಸಲ ಹೋಗಿ ಬಂದೆ. ಗೋಲು ಹೊಡೆದವನನ್ನು ನಾನು ನೋಡುತ್ತಿರಲಿಲ್ಲ. ಚೆಂಡು ಕಳೆದುಕೊಂಡವನು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನೋ, ತಿರುಗಿ ಓಡುತ್ತಾನೋ ಎಂಬುದನ್ನು ಗಮನಿಸಿ, ಆಮೇಲೆ ದ್ವಿತೀಯ ಪಿಯುಸಿ ಅಂಕಪಟ್ಟಿ ಕೇಳುತ್ತಿದ್ದೆ. ನಾನು ನೋಡುವ ಮೂರನೆಯ ಲಕ್ಷಣವೊಂದಿದೆ. ಅದೇ ಅಂಗಣಗಳಿಗೆ ಈಗ ಬೇರೆ ಕಾಲೇಜಿನವರೂ ಬರತೊಡಗಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಹುಡುಗನನ್ನು ಒಪ್ಪಿಸುವುದಕ್ಕಿಂತ ಮನೆಯವರನ್ನು ಒಪ್ಪಿಸುವುದು ಕಷ್ಟ. ಉಳ್ಳಾಲದ ಒಂದು ಮನೆಯಲ್ಲಿ ತಾಯಿ ಚಹಾ ಕೊಟ್ಟು, "ಮಾಷ್ಟ್ರೇ, ಇವನ ಕಾಲು ಮುರಿದರೆ ನೋಡುವವರು ಯಾರು?" ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಮರುವಾರವೇ ಇಡೀ ತಂಡಕ್ಕೆ ಅಪಘಾತ ವಿಮೆ ಮಾಡಿಸಿ, ಅದರ ಪ್ರತಿಯನ್ನು ಆ ತಾಯಿಯ ಕೈಗೆ ಕೊಟ್ಟು ಬಂದೆ. ಆ ಹುಡುಗ ಈಗ ನಮ್ಮ ನಾಯಕ.

ಎರಡನೆಯ ವರ್ಷದ ತಪ್ಪು ನನ್ನದೇ. ಕಾಲೇಜು ತಂಡಕ್ಕೆ ಸೇರಿದವರು ಸೆವೆನ್ಸ್ ಆಡಕೂಡದೆಂದು ನಿಷೇಧ ಹೇರಿದೆ. ಒಂದು ರಾತ್ರಿ ಆಡಿದರೆ ಅವರಿಗೆ ಐನೂರರಿಂದ ಒಂದೂವರೆ ಸಾವಿರದವರೆಗೆ ಸಿಗುತ್ತದೆ, ಕೆಲವರ ಮನೆಗೆ ಆ ಹಣ ಬೇಕೇಬೇಕು, ಅದನ್ನು ತುಂಬಿಕೊಡುವ ಶಕ್ತಿ ಯಾವ ಕಾಲೇಜಿನ ಕ್ರೀಡಾ ನಿಧಿಗೂ ಇಲ್ಲ. ಡಿಸೆಂಬರ್ ಹೊತ್ತಿಗೆ ಇಬ್ಬರು ಒಳ್ಳೆಯ ಆಟಗಾರರು ಹೇಳದೆ ಕೇಳದೆ ಬಿಟ್ಟುಹೋದರು. ಕ್ವಾರ್ಟರ್ ಫೈನಲ್‌ನಲ್ಲಿ ಟೈಬ್ರೇಕರ್‌ನಲ್ಲಿ ಸೋತೆವು. ಮೂರನೆಯ ವರ್ಷ ನಿಷೇಧ ತೆಗೆದು ತಿಂಗಳಿಗೆ ಎರಡು ರಾತ್ರಿಗೆ ಅನುಮತಿ ಕೊಟ್ಟೆ. ಕಾಲೇಜಿನ ಪಂದ್ಯಕ್ಕೆ ನಾಲ್ಕು ದಿನಗಳಿರುವಾಗ ಆಡುವಂತಿಲ್ಲ, ಎಲ್ಲಿ ಆಡುತ್ತಿದ್ದೇನೆಂದು ಮೊದಲೇ ನನಗೆ ತಿಳಿಸಬೇಕು, ಮರುದಿನ ಬೆಳಗಿನ ತರಗತಿ ತಪ್ಪಿಸಿದರೆ ಮುಂದಿನ ಅನುಮತಿ ಇಲ್ಲ. ಸಹೋದ್ಯೋಗಿಗಳು ಇದನ್ನು ಸಡಿಲತನವೆಂದರು. ಆ ವರ್ಷ ಒಬ್ಬನೂ ತಂಡ ಬಿಡಲಿಲ್ಲ, ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿದವನು ಒಬ್ಬನೇ.

ಇನ್ನು ಆಟದ ವಿಷಯ. ಸೆವೆನ್ಸ್‌ನಲ್ಲಿ ಆಫ್‌ಸೈಡ್ (ತನ್ನವನು ಚೆಂಡು ಒದೆಯುವ ಹೊತ್ತಿಗೆ ಎದುರಾಳಿಯ ಕೊನೆಯಿಂದ ಎರಡನೆಯವನನ್ನು ದಾಟಿ ಮುಂದೆ ನಿಂತಿರಬಾರದೆಂಬ ನಿಯಮ) ಇಲ್ಲದ ಕಾರಣ ಫಾರ್ವರ್ಡ್ ಹುಡುಗರು ಎದುರಾಳಿಯ ಗೋಲಿನ ಬಳಿಯೇ ಕಾದು ನಿಲ್ಲುತ್ತಾರೆ. ಎರಡು ತಿಂಗಳು ಸುಣ್ಣದ ಗೆರೆ ಹಾಕಿ ಕಲಿಸಿದರೂ ಪಂದ್ಯದ ಬಿಸಿಯಲ್ಲಿ ಮರೆಯುತ್ತಿದ್ದರು, ಒಂದೇ ಪಂದ್ಯದಲ್ಲಿ ಹನ್ನೊಂದೋ ಹನ್ನೆರಡೋ ಸಲ ಧ್ವಜ ಮೇಲೆದ್ದದ್ದು ನೆನಪಿದೆ. ಕೊನೆಗೆ ಕಲಿಸುವುದನ್ನು ಬಿಟ್ಟು ಜಾಗ ಬದಲಿಸಿದೆ. ಅವರನ್ನು ಅಂಚಿಗೆ ತಂದು, ಮಧ್ಯಗೆರೆಯ ಈಚೆಯಿಂದ, ಅಂದರೆ ನಮ್ಮದೇ ಅರ್ಧದಿಂದ ಓಟ ಆರಂಭಿಸುವಂತೆ ಮಾಡಿದೆ; ಅಲ್ಲಿ ನಿಂತವನಿಗೆ ಆಫ್‌ಸೈಡ್ ಅನ್ವಯಿಸುವುದೇ ಇಲ್ಲವಲ್ಲ. ಸೆವೆನ್ಸ್‌ನಲ್ಲಿ ಗೋಲಿನ ಮುಂದೆ ತಡೆಯುವ ಸ್ಟಾಪರ್ ಹುಡುಗರನ್ನು ಮಿಡ್‌ಫೀಲ್ಡ್‌ನ ನಡುವೆ ನಿಲ್ಲಿಸಿದೆ, ಏಕೆಂದರೆ ಇಕ್ಕಟ್ಟಿನಲ್ಲಿ ಇಬ್ಬರು ಮೈಮೇಲೆ ಬಿದ್ದರೂ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಹತೋಟಿಗೆ ತರುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಅರವತ್ತನೆಯ ನಿಮಿಷಕ್ಕೆ ಕಾಲು ಕಟ್ಟುವ ಸಮಸ್ಯೆ ಮಾತ್ರ ಉಳಿಯಿತು. ಬೀಪ್ ಸದ್ದಿಗೆ ಸರಿಯಾಗಿ ಹಂತ ಹಂತವಾಗಿ ವೇಗ ಹೆಚ್ಚಿಸುತ್ತ ಓಡುವ ಬೀಪ್ ಟೆಸ್ಟ್‌ನಲ್ಲಿ ಆರಂಭದಲ್ಲಿ ಹೆಚ್ಚಿನವರು ಏಳು, ಎಂಟನೆಯ ಹಂತಕ್ಕೆ ನಿಲ್ಲುತ್ತಿದ್ದರು. ಹತ್ತು ವಾರಗಳಲ್ಲಿ ಹತ್ತು ದಾಟಿದರು.

ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣಿನ ಮೈದಾನ ಕೆಸರುಗದ್ದೆಯಾಗುವುದರಿಂದ ಸೋಮೇಶ್ವರದ ಕಡಲತೀರದ ಮರಳಿನಲ್ಲಿ ಓಡಿಸಿ ನೋಡಿದೆ. ಉಸಿರು ಬಲವಾಯಿತು ನಿಜ, ಆದರೆ ಮೂವರಿಗೆ ಹಿಮ್ಮಡಿಯ ಮೇಲಿನ ನರ ನೋವು ಹಿಡಿದು ತಿಂಗಳು ಹೋಯಿತು. ಈಗ ವಾರಕ್ಕೆ ಒಂದೇ ದಿನ, ಅದೂ ನೀರಿನಂಚಿನ ಗಟ್ಟಿ ಮರಳಿನಲ್ಲಿ. ವಾಲಿಬಾಲ್ ತಂಡದ ಎತ್ತರದ ಹುಡುಗನೊಬ್ಬನನ್ನು ಗೋಲ್‌ಕೀಪರ್ ಮಾಡುವ ಪ್ರಯೋಗವೂ ನಡೆಯಿತು. ಕಾರ್ನರ್‌ನಿಂದ ಬಂದ ಎತ್ತರದ ಚೆಂಡು ಒಂದೂ ಅವನ ಕೈತಪ್ಪಲಿಲ್ಲ, ನೆಲಮಟ್ಟದ ಹೊಡೆತ ಒಂದೂ ಅವನಿಗೆ ಸಿಗಲಿಲ್ಲ. ಅವನನ್ನು ಮರಳಿ ವಾಲಿಬಾಲ್‌ಗೆ ಕಳುಹಿಸಿದೆ.

ಖರ್ಚಿನಲ್ಲಿ ಅತ್ಯಂತ ಫಲ ಕೊಟ್ಟದ್ದು ಬೂಟೂ ಅಲ್ಲ, ಜೆರ್ಸಿಯೂ ಅಲ್ಲ. ಇಪ್ಪತ್ತೆರಡು ಹುಡುಗರಿಗೆ ಅಭ್ಯಾಸದ ದಿನ ತಲಾ ಎರಡು ಬೇಯಿಸಿದ ಮೊಟ್ಟೆ, ತಿಂಗಳಿಗೆ ಸುಮಾರು 1,100 ಮೊಟ್ಟೆ, ಆರೂವರೆ ಏಳು ಸಾವಿರ ರೂಪಾಯಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವ ಹುಡುಗನಿಂದ ಎರಡು ಗಂಟೆ ಅಭ್ಯಾಸ ನಿರೀಕ್ಷಿಸುವುದು ತಪ್ಪೆಂದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಹನ್ನೆರಡು ಹೊಸ ಚೆಂಡುಗಳಿಗೆ ಎಂಟು ಸಾವಿರ ಚಿಲ್ಲರೆ ಬಿತ್ತು. ಹಳೆಯ ವಿದ್ಯಾರ್ಥಿಗಳು ಮೂವತ್ತು ಸಾವಿರದಷ್ಟು ಸೇರಿಸಿಕೊಟ್ಟರು.

ಫೈನಲ್‌ನಲ್ಲಿ ಮೊದಲು ಗೋಲು ಬಿಟ್ಟುಕೊಟ್ಟವರು ನಾವೇ. ಸಮಬಲದ ಗೋಲು ಮಧ್ಯಗೆರೆಯಿಂದ ಹೊರಟ ಓಟದಿಂದಲೇ ಬಂತು, ಎಪ್ಪತ್ತೆಂಟನೆಯ ನಿಮಿಷದ ಸುಮಾರಿಗೆ ಕಾರ್ನರ್‌ನಿಂದ ಎರಡನೆಯದು. ಆ ಕಾರ್ನರ್‌ಗೆ ಯಾರನ್ನು ಎಲ್ಲಿ ನಿಲ್ಲಿಸುತ್ತೇನೆಂಬುದು ಮುಂದೆಯೂ ನಮಗೆ ಬೇಕಾಗುವುದರಿಂದ ತಂಡದೊಳಗೇ ಇರಲಿ. ನಮ್ಮ ನಾಲ್ವರು ವಿಶ್ವವಿದ್ಯಾಲಯ ತಂಡದ ಶಿಬಿರಕ್ಕೆ ಆಯ್ಕೆಯಾದರು, ಅವರಲ್ಲಿ ಮೂವರು ಸೆವೆನ್ಸ್‌ನಿಂದ ಬಂದವರು.

ಮೂರು ವರ್ಷದ ಪದವಿಯಾದ್ದರಿಂದ 2023ರಲ್ಲಿ ಸೇರಿದ ಐವರು 2026ರಲ್ಲಿ ಒಟ್ಟಿಗೇ ಹೊರಹೋಗುತ್ತಾರೆ. ಅವರ ಜಾಗಕ್ಕೆ ಮೂವರನ್ನು ಗುರುತಿಸಿಟ್ಟಿದ್ದೇನೆ. ಎಡ ಅಂಚಿಗೆ ಮತ್ತು ಗೋಲಿಗೆ ಇನ್ನೂ ಯಾರೂ ಸಿಕ್ಕಿಲ್ಲ.